4 ಓಮ್ ಅಂದ್ರೆ ಯಾರು?

ಕಾಕಾನ ಕಾರಿಗೆ 4 ಓಮ್‌ನ ಎರಡು ಸಬ್‌ವೂಫರ್ ಪ್ಯಾರಲಲ್ ಜೋಡಿಸಿದೆ. ಲೋಡ್ 2 ಓಮ್ ಆತು. 4ಕ್ಕಿಂತ ಕೆಳಗೆ ತಡೆಯದ ಆಂಪ್ಲಿಫೈಯರ್, ಬೈಲಹೊಂಗಲ ಬಿಟ್ಟು ಸವದತ್ತಿ ಮುಟ್ಟೋದ್ರೊಳಗೆ ಬಂದ್! ಸೀರೀಸ್ ಮಾಡಿ 8 ಓಮ್ ಆದ ಮೇಲೆ ಸೌಂಡ್ ಕಮ್ಮಿಯಾದ್ರೂ ರಾಮದುರ್ಗದವರೆಗೆ ಬಾರಿಸ್ತು.

ಈ ಲೆಕ್ಕ ಕೊಟ್ಟ ಜಾರ್ಜ್ ಸೈಮನ್ ಓಮ್ ಹುಟ್ಟಿದ್ದು 1789ರಲ್ಲಿ, ಜರ್ಮನಿಯ ಎರ್ಲಾಂಗನ್‌ನಲ್ಲಿ. ಬೀಗ ಮಾಡುವವನ ಮಗ. ಗಣಿತ ಕಲಿಸಿದ್ದೂ ಅಪ್ಪನೇ. ಕೊಲೋನ್‌ನಲ್ಲಿ ಶಾಲೆ ಮಾಸ್ತರ. ಆಗಿನ ಬ್ಯಾಟರಿ ಕರೆಂಟ್ ಒಂದೇ ಸಮ ನಿಲ್ತಿರ್ಲಿಲ್ಲ. ಅದಕ್ಕೆ ಬಿಸ್ಮತ್-ತಾಮ್ರ ಜೋಡಿಸಿ, ಒಂದು ತುದಿ ಕುದಿಯೋ ನೀರಿನ ಶಾಖಕ್ಕೆ, ಇನ್ನೊಂದು ಮಂಜುಗಡ್ಡೆಗೆ ಇಟ್ಟು ಅಳೆದ.

ಪುಸ್ತಕ ಬಂದದ್ದು 1827ರಲ್ಲಿ. ಕಿತ್ತೂರು ಚೆನ್ನಮ್ಮ ಆಗ ನಮ್ಮ ಬೈಲಹೊಂಗಲದ ಸೆರೆಯಲ್ಲಿದ್ದರು. ಅಲ್ಲಿನ ಪಂಡಿತರು ಪುಸ್ತಕಕ್ಕೆ ಸೊಪ್ಪು ಹಾಕಲಿಲ್ಲ. ಓಮ್ ನೌಕರಿನೂ ಬಿಟ್ಟ. 1841ರಲ್ಲಿ ಲಂಡನ್‌ನ ರಾಯಲ್ ಸೊಸೈಟಿ ಕಾಪ್ಲಿ ಪದಕ ಕೊಟ್ಟಿತು. ಮ್ಯೂನಿಕ್‌ನಲ್ಲಿ ಪೂರ್ಣ ಪ್ರೊಫೆಸರ್ ಆಗಿದ್ದು 1852ರಲ್ಲಿ, ಸಾಯೋಕೆ ಎರಡೇ ವರ್ಷ ಮುಂಚೆ.