ಮೊದಲ ಕನ್ನಡ ಪತ್ರಿಕೆ ಕೊಟ್ಟ ಮೊಗ್ಲಿಂಗ್: ಕಡಲು ದಾಟಿ ಬಂದವರು, ಹೆಂಡತಿಗಾಗಿ ಕನ್ನಡ ನಾಡು ಬಿಟ್ಟವರು

ಪ್ರತಿ ಜುಲೈ 1ಕ್ಕೆ ತಾಲ್ಲೂಕು ತಾಲ್ಲೂಕಲ್ಲೂ ಪತ್ರಿಕಾ ದಿನಾಚರಣೆ ನಡೆಯುತ್ತೆ. ವೇದಿಕೆ ಮೇಲೆ ಒಬ್ಬ ಗಡ್ಡದ ಜರ್ಮನ್ ಪಾದ್ರಿಯ ಫೋಟೋ ಇಟ್ಟು ಹಾರ ಹಾಕ್ತಾರೆ, ಭಾಷಣ ಆಗುತ್ತೆ, ತಿಂಡಿ ಆಗುತ್ತೆ, ಮುಗೀತು. ಪತ್ರಿಕೆ ತಂದವರು ಅನ್ನೋದು ಬಿಟ್ಟರೆ ಆ ಮನುಷ್ಯನ ಬದುಕು ಹೇಗಿತ್ತು ಅಂತ ಕೇಳಿದರೆ ಹೇಳೋರು ಕಡಿಮೆ. ಹರ್ಮನ್ ಮೊಗ್ಲಿಂಗ್ ಅವರ ಕಥೆ ಇಲ್ಲಿದೆ.

ಹುಟ್ಟಿದ್ದು 1811ರ ಮೇ 29ರಂದು, ಜರ್ಮನಿಯ ವುರ್ಟೆಂಬರ್ಗ್ ಪ್ರಾಂತ್ಯದ ಬ್ರಾಕನ್‌ಹೈಮ್ ಅನ್ನೋ ಸಣ್ಣ ಊರಿನಲ್ಲಿ. ಟ್ಯೂಬಿಂಗನ್ ವಿಶ್ವವಿದ್ಯಾಲಯದಲ್ಲಿ ಓದಿದರು. ಅಲ್ಲೇ ಯಾವುದಾದರೂ ಚರ್ಚಿನಲ್ಲಿ ಪಾದ್ರಿಯಾಗಿ ನೆಮ್ಮದಿಯಾಗಿ ಇರಬಹುದಿತ್ತು. ಆದರೆ ಬಾಸೆಲ್ ಮಿಷನ್ ಸೇರಿ 1836ರಲ್ಲಿ ಭಾರತಕ್ಕೆ ಹೊರಟರು. ಆಗ ಅವರಿಗೆ ಬರೀ 25 ವರ್ಷ. ಸೂಯೆಜ್ ಕಾಲುವೆ ಇನ್ನೂ ಆಗಿರಲಿಲ್ಲ, ಅದು ತೆರೆದಿದ್ದು 1869ರಲ್ಲಿ. ಯುರೋಪಿನಿಂದ ಇಲ್ಲಿಗೆ ಬರೋದು ಅಂದ್ರೆ ತಿಂಗಳುಗಟ್ಟಲೆ ಪಯಣ.

ಮಂಗಳೂರಿನಲ್ಲಿ ಮಿಷನ್ ಕೆಲಸ ಶುರುವಾಗಿ ಆಗ ಎರಡು ವರ್ಷ ಅಷ್ಟೇ ಆಗಿತ್ತು. ಮೊಗ್ಲಿಂಗ್ ಮೊದಲು ಮಾಡಿದ ಕೆಲಸ ಕನ್ನಡ ಕಲಿತಿದ್ದು. ಶಾಲೆ ನಡೆಸಿದರು, ಹುಡುಗರ ಜೊತೆಯಲ್ಲೇ ಇದ್ದು ಪಾಠ ಹೇಳಿದರು. ಜನರ ಬಾಯಲ್ಲಿದ್ದ ಗಾದೆ, ದಾಸರ ಹಾಡು, ಕಥೆಗಳನ್ನು ಕೂಡಿಸೋಕೆ ಶುರು ಮಾಡಿದರು.

1843ರ ಜುಲೈ 1ರಂದು 'ಮಂಗಳೂರ ಸಮಾಚಾರ' ಹೊರಬಂತು. ಹದಿನೈದು ದಿನಕ್ಕೊಂದು ಸಂಚಿಕೆ, ನಾಲ್ಕು ಪುಟ, ಬೆಲೆ ಒಂದು ದುಡ್ಡು. ಮೊಳೆ ಜೋಡಿಸೋ ಅಚ್ಚಲ್ಲ, ಕಲ್ಲಚ್ಚು. ಅಂದರೆ ಕೈಯಲ್ಲಿ ಬರೆದಿದ್ದನ್ನು ಕಲ್ಲಿನ ಮೇಲಿಳಿಸಿ ಮುದ್ರಿಸೋದು. ಊರಿನ ವರ್ತಮಾನ, ಸರ್ಕಾರದ ನಿರೂಪ, ಬೇರೆ ರಾಜ್ಯಗಳ ಸುದ್ದಿ, ಕಥೆ, ಪುರಂದರದಾಸರ ಹಾಡು ಎಲ್ಲಾ ಅದರಲ್ಲಿ ಇದ್ದವು. ಗಮನಿಸಿ, ಕನ್ನಡದ ಮೊದಲ ಪತ್ರಿಕೆಯಲ್ಲೇ ಊರಿನ ಸುದ್ದಿಗೆ ಜಾಗ ಇತ್ತು. ನಾವು ಇವತ್ತು ಮೊಬೈಲಲ್ಲಿ ಓದೋ ಸಂತೆ, ರಸ್ತೆ, ಪಂಚಾಯ್ತಿ ಸುದ್ದಿಗಳ ಅಜ್ಜ ಅದೇ.

ಪತ್ರಿಕೆ ಬಹಳ ದಿನ ಬಾಳಲಿಲ್ಲ ಅನ್ನೋದೂ ನಿಜ. ಒಂದು ವರ್ಷ ತುಂಬೋ ಮೊದಲೇ, 1844ರಲ್ಲಿ, ಅದು ಬಳ್ಳಾರಿಗೆ ಹೋಗಿ 'ಕನ್ನಡ ಸಮಾಚಾರ' ಆಯ್ತು. ಅಲ್ಲೂ ಹೆಚ್ಚು ಕಾಲ ನಡೀಲಿಲ್ಲ.

ಅದೇ 1844ರಲ್ಲಿ ಮಂಗಳೂರಿನಲ್ಲಿ ದೊಡ್ಡ ಗಲಾಟೆ ಆಗಿತ್ತು. ಆನಂದರಾವ್ ಕೌಂಡಿನ್ಯ ಸೇರಿ ಮೂವರು ಸಾರಸ್ವತ ಯುವಕರು ಕ್ರೈಸ್ತರಾದರು, ಊರು ಸಿಟ್ಟಿಗೆದ್ದಿತು. ಮಕ್ಕಳನ್ನು ಕಳಕೊಂಡ ಆ ಮನೆಗಳ ನೋವು ಸಣ್ಣದಲ್ಲ. ಮೊಗ್ಲಿಂಗ್ ಬಂದಿದ್ದೇ ಧರ್ಮ ಪ್ರಚಾರಕ್ಕೆ, ಅದನ್ನು ಮುಚ್ಚಿಟ್ಟು ಅವರ ಕಥೆ ಹೇಳೋಕಾಗಲ್ಲ. ಮೊಗ್ಲಿಂಗ್ ತಮ್ಮ ಜೊತೆ ಯುರೋಪಿಗೆ ಕರೆದೊಯ್ದ ಈ ಕೌಂಡಿನ್ಯ ಅಲ್ಲೇ ಓದಿ, 1851ರಲ್ಲಿ ಪಾದ್ರಿಯಾಗಿ ವಾಪಸ್ ಬಂದರು.

ಆದರೆ ಅದೇ ಮೊಗ್ಲಿಂಗ್ ಜೈಮಿನಿ ಭಾರತ, ಬಸವ ಪುರಾಣ, ದಾಸರ ಪದಗಳನ್ನು ಅಚ್ಚು ಹಾಕಿಸಿದರು. 'ಬಿಬ್ಲಿಯೊಥಿಕಾ ಕರ್ನಾಟಿಕಾ' ಅನ್ನೋ ಮಾಲೆ ಅದು. ತಾಳೆಗರಿ, ಕೈಬರಹದಲ್ಲಿ ಇದ್ದಿದ್ದನ್ನು ಹುಡುಕಿ 1848ರಿಂದ 1853ರೊಳಗೆ ತಂದರು. ಖರ್ಚು ಕೊಟ್ಟವರು ಕಾಸಾಮೇಜರ್ ಅನ್ನೋ ನಿವೃತ್ತ ನ್ಯಾಯಾಧೀಶರು. ಬೇರೆ ಧರ್ಮದ ಗ್ರಂಥಗಳನ್ನು ಪಾದ್ರಿಯೊಬ್ಬರು ಅಷ್ಟು ಕಾಳಜಿಯಿಂದ ಉಳಿಸಿದ್ದು ಸುಮ್ಮನೆ ಮಾತಲ್ಲ. ಈ ಕೆಲಸಕ್ಕೆ ಟ್ಯೂಬಿಂಗನ್ ವಿಶ್ವವಿದ್ಯಾಲಯ 1858ರಲ್ಲಿ ಗೌರವ ಡಾಕ್ಟರೇಟ್ ಕೊಟ್ಟಿತು.

1852ರ ಕೊನೆಗೆ ಊರಿಗೆ ವಾಪಸ್ ಹೋಗೋ ಯೋಚನೆಯಲ್ಲಿದ್ದರು. ಅಷ್ಟರಲ್ಲಿ ಕೊಡಗಿನಿಂದ ಒಬ್ಬರು ಕ್ರೈಸ್ತರಾಗಬೇಕು ಅಂತ ಹುಡುಕಿಕೊಂಡು ಬಂದರು. ಅವರ ಹಿಂದೆ ಘಟ್ಟ ಹತ್ತಿದರು, ಕೊಡಗಿನಲ್ಲೇ ಉಳಿದುಬಿಟ್ಟರು. ಕೊಡಗಿನ ಬಗ್ಗೆ 1855ರಲ್ಲಿ ಪುಸ್ತಕ ಬರೆದರು. ಜಮೀನಿಲ್ಲದೆ ಇನ್ನೊಬ್ಬರ ಗದ್ದೆಯಲ್ಲಿ ದುಡೀತಿದ್ದ ಹೊಲೆಯ ಸಮುದಾಯದವರಿಗಾಗಿ ಆನಂದಪುರ ಅನ್ನೋ ಊರು ಕಟ್ಟಿದರು. ಆ ಊರು ಇವತ್ತಿಗೂ ಇದೆ.

ಇನ್ನು ಸಂಸಾರದ ವಿಷಯ. ಸುಮಾರು 45 ವರ್ಷದ ತನಕ ಮೊಗ್ಲಿಂಗ್ ಒಂಟಿ. ಅವರ ಬಂಧು, ಜೊತೆಗಾರ ಪಾದ್ರಿ ವೈಗ್ಲೆ 1855ರಲ್ಲಿ ತೀರಿಕೊಂಡರು. ಹೆಂಡತಿ ಪೌಲಿನಾ ಮತ್ತು ನಾಲ್ಕು ಮಕ್ಕಳು ಉಳಿದರು. ಆಮೇಲೆ ಮೊಗ್ಲಿಂಗ್ ಪೌಲಿನಾ ಅವರನ್ನು ಮದುವೆಯಾದರು, ಆ ಮಕ್ಕಳಿಗೂ ತಂದೆಯಾದರು. ನಮ್ಮಲ್ಲಿ ವಿಧವೆಯರ ಮರುಮದುವೆಗೆ ಕಾನೂನು ಬಂದಿದ್ದೂ 1856ರಲ್ಲೇ ಅನ್ನೋದು ನೆನಪಿರಲಿ.

ಪೌಲಿನಾ ಅವರ ಆರೋಗ್ಯ ಕೆಟ್ಟಿತು. 1860ರಲ್ಲಿ ಮೊಗ್ಲಿಂಗ್ ಅವರನ್ನು ಕರೆದುಕೊಂಡು ಜರ್ಮನಿಗೆ ಹೊರಟರು. ಕನ್ನಡದ ಕೆಲಸ ಅರ್ಧಕ್ಕೆ ನಿಂತಿತ್ತು, ಕೊಡಗಿನ ಸಭೆ ಆಗಷ್ಟೇ ಚಿಗುರಿತ್ತು. ಆದರೂ ಹೆಂಡತಿಯ ಜೀವ ದೊಡ್ಡದು ಅನ್ನಿಸಿರಬೇಕು. ಮತ್ತೆ ಈ ನೆಲಕ್ಕೆ ಬರಲಿಲ್ಲ.

ಅಲ್ಲಿದ್ದರೂ ಕನ್ನಡ ಬಿಡಲಿಲ್ಲ. ದಾಸರ ಹಾಡುಗಳನ್ನು ಜರ್ಮನ್ ಭಾಷೆಗೆ ತಂದರು. ಕಿಟ್ಟೆಲ್ ನಿಘಂಟು ಮಾಡೋಕೆ ಮಿಷನ್ ಒಪ್ಪಬೇಕು ಅಂತ ಅವರ ಪರ ನಿಂತರು. 1881ರ ಮೇ 10ರಂದು ಎಸ್ಲಿಂಗನ್ ಊರಿನಲ್ಲಿ ತೀರಿಕೊಂಡಾಗ 70 ತುಂಬೋಕೆ 19 ದಿನ ಬಾಕಿ. ಆ ನಿಘಂಟು ಬಂದಿದ್ದು 1894ರಲ್ಲಿ, ನೋಡೋಕೆ ಅವರಿರಲಿಲ್ಲ.

ಬರೋ ಜುಲೈ 1ಕ್ಕೆ ನಮ್ಮೂರಲ್ಲೂ ಆ ಫೋಟೋಗೆ ಹಾರ ಬೀಳುತ್ತೆ. ಅಂಗಡಿಯಲ್ಲಿ ಪೇಪರ್ ಬಿಚ್ಚುವಾಗ, ಒಂದು ದುಡ್ಡಿನ ಆ ನಾಲ್ಕು ಪುಟವನ್ನೂ ಒಮ್ಮೆ ನೆನೆಸಿಕೊಳ್ಳಿ.