ಜೇಮ್ಸ್ ಪಾರ್ಕಿನ್‌ಸನ್

ಲಂಡನ್ನಿನ ಹಾಕ್ಸ್‌ಟನ್ ಎಂಬಲ್ಲಿ 1755ನೆಯ ಇಸವಿ ಏಪ್ರಿಲ್ 11ರಂದು ಜೇಮ್ಸ್ ಪಾರ್ಕಿನ್‌ಸನ್ ಜನಿಸಿದನು. ತಂದೆ ವೈದ್ಯ, ಮಗನೂ ಅದೇ ವೃತ್ತಿಯನ್ನು ಹಿಡಿದನು. ಪಾರ್ಲಿಮೆಂಟಿನ ಸುಧಾರಣೆಗಾಗಿ ಗುಪ್ತನಾಮದಿಂದ ಕರಪತ್ರಗಳನ್ನು ಬರೆದನು. 1794ರಲ್ಲಿ ಸ್ನೇಹಿತರ ಮೇಲೆ ರಾಜಹತ್ಯೆಯ ಸಂಚಿನ ಆರೋಪ ಬಂದಾಗ ಪ್ರಿವಿ ಕೌನ್ಸಿಲ್ಲಿನ ವಿಚಾರಣೆಯನ್ನೂ ಎದುರಿಸಿದನು.

ಆತನ ಹೆಸರನ್ನು ಉಳಿಸಿದುದು 1817ರಲ್ಲಿ ಪ್ರಕಟವಾದ, ನಡುಕದ ಲಕ್ವವನ್ನು ಕುರಿತ ಚಿಕ್ಕ ಪ್ರಬಂಧ. ಅದಕ್ಕೆ ಆಧಾರ ಕೇವಲ 6 ರೋಗಿಗಳು. ಅವರಲ್ಲಿ ಇಬ್ಬರನ್ನು ಬೀದಿಯಲ್ಲಿ ಕಂಡು ವಿಚಾರಿಸಿದ್ದನು. ಒಬ್ಬನನ್ನು ದೂರದಿಂದ ನೋಡಿದ್ದನಷ್ಟೆ. ಸುಮ್ಮನಿರುವಾಗಲೂ ನಡುಗುವ ಕೈ, ಮುಂದಕ್ಕೆ ಬಾಗಿದ ಮೈ, ತಡೆಯಲಾರದೆ ಓಟವಾಗುವ ನಡಿಗೆ ಇವೆಲ್ಲವೂ ಒಂದೇ ರೋಗದ ಲಕ್ಷಣಗಳೆಂದು ಆತನು ಗುರುತಿಸಿದನು.

1824ರ ಡಿಸೆಂಬರ್ 21ರಂದು ಆತನು ತೀರಿಕೊಂಡನು. ಮುಂದೆ ಫ್ರಾನ್ಸಿನ ವೈದ್ಯ ಶಾರ್ಕೊ ಈ ರೋಗಕ್ಕೆ ಆತನ ಹೆಸರನ್ನೇ ಇಟ್ಟನು. ರೋಗಿಗಳ ಮಿದುಳಿನಲ್ಲಿ ಡೋಪಮಿನ್ ಎಂಬ ದ್ರವ್ಯ ಕಡಮೆಯಾಗಿರುವುದು 1960ರಲ್ಲಿ ತಿಳಿದುಬಂದಿತು.

ಈ ರೋಗದಲ್ಲಿ ಇಂದ್ರಿಯಗಳಿಗೂ ಬುದ್ಧಿಗೂ ಊನವಿಲ್ಲವೆಂದು ಪಾರ್ಕಿನ್‌ಸನ್ ಭಾವಿಸಿದ್ದನು. ಅದು ಪೂರ್ಣ ಸತ್ಯವಲ್ಲ. ಘ್ರಾಣಶಕ್ತಿ, ದೃಷ್ಟಿ, ಆಲೋಚನೆಗಳೂ ಕುಂದಬಹುದೆಂದು ಇಂದಿನ ಸಂಶೋಧನೆ ತೋರಿಸಿದೆ. ಆದರೂ ಹಾದಿಯಲ್ಲಿ ನಡುಗುತ್ತ ಹೋಗುವವರನ್ನು ಕಂಡು, ಮುಪ್ಪಿನ ಫಲವೆಂದು ಸುಮ್ಮನಾಗದೆ, ನಿಂತು ವಿಚಾರಿಸಿದವನು ಆತನು. ಆ ವಿಚಾರಣೆಯಿಂದಲೇ ಈ ಶೋಧವೆಲ್ಲ ಆರಂಭವಾಯಿತು.