ಚೆದ್ರಾಂಗ್ ಹೊಳೆಯ ಗುಂಟ ನಡೆದವರು

ಭೂಕಂಪದ ಸುದ್ದಿ ಬಂದಾಗಲೆಲ್ಲ ಎಲ್ಲರ ಬಾಯಲ್ಲೂ ರಿಕ್ಟರ್ ಹೆಸರು. ನನಗೆ ನೆನಪಾಗುವವರು ಮಾತ್ರ ರಿಚರ್ಡ್ ಡಿಕ್ಸನ್ ಓಲ್ಡ್‌ಹ್ಯಾಮ್. 1858ರಲ್ಲಿ ಡಬ್ಲಿನ್‌ನಲ್ಲಿ ಜನಿಸಿದ ಇವರು 1879ರಲ್ಲಿ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯನ್ನು ಸೇರಿದರು. ಆ ಸಂಸ್ಥೆಯನ್ನು ಕಟ್ಟಿದ್ದ ತಂದೆ ಥಾಮಸ್, 1869ರ ಕಛಾರ್ ಭೂಕಂಪದ ವರದಿಯನ್ನು ಅಪೂರ್ಣವಾಗಿ ಬಿಟ್ಟು ತೀರಿಕೊಂಡಿದ್ದರು. ಅದನ್ನು ಮುಗಿಸಿದವರು ಮಗ. ಪಿತೃಋಣ ತೀರಿಸುವ ಇಂಥ ಬಗೆಯೂ ಉಂಟು!

1897ರ ಜೂನ್ 12ರ ಸಂಜೆ ಶಿಲ್ಲಾಂಗ್ ಪ್ರಸ್ಥಭೂಮಿ ನಡುಗಿತು. ಕಲ್ಲಿನ ಕಟ್ಟಡಗಳು ನೆಲಸಮವಾದವು. ಸುಮಾರು 1500 ಮಂದಿ ಮಡಿದರು. ಗಾರೋ ಬೆಟ್ಟಗಳ ಅಂಚಿನ ಚೆದ್ರಾಂಗ್ ಹೊಳೆಯ ಗುಂಟ ನಡೆದ ಓಲ್ಡ್‌ಹ್ಯಾಮ್ ಕಂಡದ್ದೇನು? ಸ್ತರಭಂಗದ ಒಂದು ಮಗ್ಗುಲು 30 ಅಡಿಗೂ ಮಿಗಿಲಾಗಿ ಮೇಲೆದ್ದಿತ್ತು. ಹೊಳೆ ಒಂದೆಡೆ ಜಲಪಾತವಾಗಿ ಧುಮುಕುತ್ತಿದ್ದರೆ ಇನ್ನೊಂದೆಡೆ ಕೆರೆಯಾಗಿ ನಿಂತಿತ್ತು. ನೆಲದಲ್ಲಿ ಹೂತಿದ್ದ ಬಂಡೆಗಳು ಕುಳಿಯ ಅಂಚಿಗೂ ತಾಗದೆ ಹೊರಕ್ಕೆ ಚಿಮ್ಮಿದ್ದವು. 1899ರ ಅವರ ವರದಿ ಇಂಥ ವಿವರಗಳಿಂದಲೇ ಇಂದಿಗೂ ಜೀವಂತ.

ಇದೇ ಕಂಪನದ ಯೂರೋಪಿನ ದಾಖಲೆಗಳಲ್ಲಿ ಮೂರು ಬಗೆಯ ಅಲೆಗಳನ್ನು ಅವರು ಗುರುತಿಸಿದರು. ಅನಾರೋಗ್ಯದಿಂದ 1903ರಲ್ಲಿ ನಿವೃತ್ತರಾದ ಮೇಲೆ, 1906ರಲ್ಲಿ, ಆ ಅಲೆಗಳ ಸುಳಿವು ಹಿಡಿದೇ ಭೂಮಿಗೊಂದು ತಿರುಳಿದೆಯೆಂದು ತೋರಿಸಿದರು. 1936ರಲ್ಲಿ ನಿಧನರಾದರು.

2001ರಲ್ಲಿ ರೋಜರ್ ಬಿಲ್ಹಮ್ ಮತ್ತು ಫಿಲಿಪ್ ಇಂಗ್ಲೆಂಡ್, ಭೂಕಂಪದ ಬಳಿಕ ನಡೆದಿದ್ದ ಮರುಸರ್ವೆಯ ಅಳತೆಗಳನ್ನೇ ಮತ್ತೆ ಲೆಕ್ಕಹಾಕಿ, ಪ್ರಸ್ಥಭೂಮಿಯ ಉತ್ತರದಂಚಿನಲ್ಲಿ ಹುದುಗಿರುವ ಸ್ತರಭಂಗವೊಂದನ್ನು ಪ್ರತಿಪಾದಿಸಿ ಅದಕ್ಕೆ ಓಲ್ಡ್‌ಹ್ಯಾಮರ ಹೆಸರಿಟ್ಟರು. ಆ ದುರಂತದ ನಂತರ ಅಲ್ಲಿ ಮರದ ಚೌಕಟ್ಟು, ಜೊಂಡಿನ ಗೋಡೆ, ತಗಡಿನ ಸೂರಿನ ಹಗುರ ಮನೆಗಳು ರೂಢಿಗೆ ಬಂದಿದ್ದವು. ಈಗ ಅವುಗಳ ಜಾಗದಲ್ಲಿ ಕಾಂಕ್ರೀಟಿನ ಮಹಡಿಗಳು ಏಳುತ್ತಿವೆ.